ಬ್ಯಾಟರಿ ತುಂಬದಿದ್ದಾಗ: ಡೈನಮೋದಿಂದ ಸ್ಟೇಟರ್‌ವರೆಗಿನ ಒಂದು ಚರಿತ್ರೆ

ಮೋಟಾರು ಸೈಕಲ್ಲಿನ ಎಂಜಿನನ್ನು ಬಿಚ್ಚಿ, ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಕೂರಿಸಿ, ನಾಲ್ಕು ಚಕ್ರ ಜೋಡಿಸಿ ಓಡಿಸುವ ಚಿಕ್ಕ ರೇಸ್ ಕಾರುಗಳನ್ನು ನೀವು ನೋಡಿರಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ವರ್ಷಗಟ್ಟಲೆ ದುಡಿದು ಇಂಥ ಕಾರುಗಳನ್ನು ಸ್ಪರ್ಧೆಗಳಿಗೆ ಒಯ್ಯುತ್ತಾರೆ. ಈ ಸ್ಪರ್ಧೆಗಳಲ್ಲಿ ಹೆಚ್ಚಿನ ಅಂಕವಿರುವುದು ಸುಮಾರು 22 ಕಿಲೋಮೀಟರ್ ಉದ್ದದ ಸಹನಶಕ್ತಿ ಓಟಕ್ಕೆ. ಅರ್ಧ ದಾರಿಯಲ್ಲಿ ಚಾಲಕ ಬದಲಾಗಬೇಕು. ಆಗ ಎಂಜಿನನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಅಲ್ಲಿಯವರೆಗೆ ಚೆನ್ನಾಗಿ ಓಡಿದ ಕಾರು ಸ್ಟಾರ್ಟರ್ ಗುಂಡಿ ಒತ್ತಿದಾಗ 'ಟಕ್' ಎಂದು ಸದ್ದು ಮಾಡಿ ಸುಮ್ಮನಾದರೆ ಒಂದು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು. ಕಾರಣ ಬಹುಮಟ್ಟಿಗೆ ಒಂದೇ: ಓಡುವಾಗ ಬ್ಯಾಟರಿ ಚಾರ್ಜ್ ಆಗಿರಲಿಲ್ಲ.

ಬ್ಯಾಟರಿ ಬದಲಿಸಿದರೆ ಸರಿಹೋದೀತೆ? ರೆಗ್ಯುಲೇಟರ್ ಬದಲಿಸಬೇಕೆ? ಕಾಯಿಲ್ ಸುಟ್ಟಿದೆಯೆ? ಊಹೆಯಿಂದ ಒಂದೊಂದೇ ಬಿಡಿಭಾಗ ಬದಲಿಸುತ್ತಾ ಹೋದರೆ ಹಣವೂ ಸಮಯವೂ ವ್ಯರ್ಥ. ಅಳತೆ ಮಾಡಿ ಹುಡುಕಲು ಒಂದು ಕ್ರಮ ಬೇಕು. ಆ ಕ್ರಮ ಅರ್ಥವಾಗಬೇಕಾದರೆ ಈ ಬಿಡಿಭಾಗಗಳು ಹುಟ್ಟಿದ ಕತೆ ತಿಳಿದಿರಬೇಕು. ಏಕೆಂದರೆ ಚಾರ್ಜಿಂಗ್ ವ್ಯವಸ್ಥೆಯ ಪ್ರತಿಯೊಂದು ಭಾಗವೂ ಅದಕ್ಕಿಂತ ಹಿಂದಿನ ಒಂದು ತೊಂದರೆಗೆ ಪರಿಹಾರವಾಗಿ ಬಂದದ್ದು. ಹಳೆಯ ತೊಂದರೆ ಏನೆಂದು ಬಲ್ಲವನಿಗೆ ಹೊಸ ದೋಷದ ಗುರುತು ಬೇಗ ಸಿಗುತ್ತದೆ.

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಬೆಂಜನಪದವಿನಲ್ಲಿ 2001ರಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 2007ರಲ್ಲಿ, ಮೂಡುಬಿದಿರೆಯ ಬಳಿ ಮಿಜಾರಿನಲ್ಲಿ 2007 ಮತ್ತು 2008ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಆರಂಭವಾದವು. ಹಿಂದೆ ಆಟೋ ಎಲೆಕ್ಟ್ರಿಷಿಯನ್ನರ ಅಂಗಡಿಗಳಲ್ಲಿ ಮಾತ್ರ ಇದ್ದ ಈ ತಿಳಿವಳಿಕೆ ಹೀಗೆ ತರಗತಿಗಳ ಬಾಗಿಲಿಗೂ ಬಂತು. ಈ ಲೇಖನ ಎರಡೂ ಕಡೆಯವರಿಗಾಗಿ.

ಚಾರ್ಜಿಂಗ್ ಇಲ್ಲದ ಕಾಲ

ಬದಲಾಗುವ ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಮರುವರ್ಷವೇ ಪ್ಯಾರಿಸ್ಸಿನ ಪಿಕ್ಸಿ ಕಾಂತವನ್ನು ಕೈಯಿಂದ ತಿರುಗಿಸುವ ಜನಕವೊಂದನ್ನು ಕಟ್ಟಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲ ಬ್ಯಾಟರಿಯನ್ನು ಪ್ಲಾಂಟೆ 1859ರಲ್ಲಿ ತಯಾರಿಸಿದ. 1881ರಲ್ಲಿ ಫೋರ್ ಅದರ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪ ಕೊಟ್ಟು ಅದನ್ನು ವ್ಯವಹಾರಕ್ಕೆ ತಂದ. ಆದರೆ ಜನಕ ಮತ್ತು ಬ್ಯಾಟರಿ ಒಂದೇ ವಾಹನದ ಮೇಲೆ ಜೊತೆಯಾಗಲು ಇನ್ನೂ ಕಾಲ ಹಿಡಿಯಿತು.

1895ರ ಸುಮಾರಿಗೆ ಬಂದ ಡಿ ಡಿಯೋನ್-ಬೂಟೋನ್ ಪುಟ್ಟ ಎಂಜಿನಿನಲ್ಲಿ ಕಿಡಿಗೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ಬರುತ್ತಿತ್ತು. ಚಾರ್ಜ್ ಮಾಡುವ ಏರ್ಪಾಡೇ ಇರಲಿಲ್ಲ. ಬ್ಯಾಟರಿ ಮುಗಿದರೆ ಪ್ರಯಾಣವೂ ಮುಗಿಯಿತು. ಹಣ ಹಾಕದೆ ಕೇವಲ ತೆಗೆಯುತ್ತಾ ಹೋಗುವ ಉಳಿತಾಯ ಖಾತೆ ಇದ್ದ ಹಾಗೆ. ಇದಕ್ಕೆ ಪರಿಹಾರವಾಗಿ ಬಂದದ್ದು ಮ್ಯಾಗ್ನೆಟೋ. ರಾಬರ್ಟ್ ಬಾಷ್‌ನ ಕಾರ್ಯಾಗಾರದಲ್ಲಿ 1897ರಲ್ಲಿ ಇದನ್ನು ವಾಹನದ ಎಂಜಿನಿಗೆ ಒಗ್ಗಿಸಲಾಯಿತು. 1902ರಲ್ಲಿ ಅಲ್ಲಿಯ ಹೊನೋಲ್ಡ್ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋವನ್ನು ರೂಪಿಸಿದ. ಎಂಜಿನ್ ತಿರುಗಿದಾಗ ಕಾಂತವೂ ತಿರುಗಿ ತನ್ನ ಕಿಡಿಯನ್ನು ತಾನೇ ಹುಟ್ಟಿಸುತ್ತದೆ. ಬ್ಯಾಟರಿಯ ಹಂಗಿಲ್ಲ. ದೀಪಕ್ಕೆ ಕಾರ್ಬೈಡ್ ಗ್ಯಾಸು, ಚಾಲೂ ಮಾಡಲು ಕೈ ಅಥವಾ ಕಾಲು.

ಮೋಟಾರು ಸೈಕಲ್ ಎಂಜಿನಿನ ರೇಸ್ ಕಾರುಗಳ ಚರಿತ್ರೆ ಆರಂಭವಾಗುವುದೂ ಈ ಮ್ಯಾಗ್ನೆಟೋದೊಂದಿಗೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಹಳೆಯ ಫಿಯೆಟ್ ಕಾರುಗಳ ಭಾಗಗಳನ್ನು ಬಳಸಿ, ಚಾಲಕನ ಬೆನ್ನ ಹಿಂದೆ 500 ಸಿಸಿಯ ಜೆಎಪಿ ಮೋಟಾರು ಸೈಕಲ್ ಎಂಜಿನ್ ಕೂರಿಸಿ, ಚೈನಿನಿಂದ ಓಡುವ ಕಾರೊಂದನ್ನು ಕಟ್ಟಿದರು. ಸ್ಟರ್ಲಿಂಗ್ ಮಾಸ್ ಅಂಥವರು ಪಳಗಿದ್ದು ಈ ಬಗೆಯ ಕಾರಿನಲ್ಲೇ. 1950ರಲ್ಲಿ ಈ ವರ್ಗಕ್ಕೆ ಫಾರ್ಮುಲಾ 3 ಎಂಬ ಅಂತಾರಾಷ್ಟ್ರೀಯ ಮಾನ್ಯತೆ ದೊರೆಯಿತು. ಆ ಕಾರುಗಳಲ್ಲಿ ಕಿಡಿ ಮ್ಯಾಗ್ನೆಟೋದ್ದು, ಚಾಲೂ ಮಾಡಲು ಹಿಂದಿನಿಂದ ನೂಕಬೇಕು. ಫ್ಯಾನಿಲ್ಲ, ಇಂಧನ ಪಂಪಿಗೆ ವಿದ್ಯುತ್ತು ಬೇಡ. ಬ್ಯಾಟರಿಯೇ ಬೇಡವಾದ ಮೇಲೆ ಚಾರ್ಜಿಂಗ್ ದೋಷ ಎಲ್ಲಿಂದ ಬರಬೇಕು!

ಡೈನಮೋ, ಕಟ್‌ಔಟ್ ಮತ್ತು ಕೆಂಪು ದೀಪ

ರಸ್ತೆಯ ಮೇಲಿನ ವಾಹನಗಳ ದಾರಿ ಬೇರೆಯಾಯಿತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲ್ಯಾಕ್ ಕಾರಿಗೆ ಬಂತು. ಸ್ಟಾರ್ಟರ್ ಬೇಕೆಂದರೆ ಬ್ಯಾಟರಿ ಬೇಕು. ಬ್ಯಾಟರಿ ಬೇಕೆಂದರೆ ಅದನ್ನು ದಾರಿಯಲ್ಲೇ ತುಂಬಿಸುವ ಡೈನಮೋ ಬೇಕು.

ಡೈನಮೋದಲ್ಲಿ ಕಾಂತಕ್ಷೇತ್ರವನ್ನು ಉಂಟುಮಾಡುವುದು ನಿಂತಿರುವ ಸುರುಳಿ. ತಿರುಗುವ ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ತನ್ನು ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಷ್‌ಗಳು ಒಂದೇ ದಿಕ್ಕಿಗೆ ತಿರುಗಿಸಿ ಹೊರಕ್ಕೆ ಕೊಡುತ್ತವೆ. ಹಾಗಾದರೆ ಮೊದಲ ಕ್ಷಣದಲ್ಲಿ ಕಾಂತಕ್ಷೇತ್ರ ಎಲ್ಲಿಂದ ಬರಬೇಕು? ಕಬ್ಬಿಣದಲ್ಲಿ ಉಳಿದುಕೊಂಡಿರುವ ಅಲ್ಪ ಕಾಂತತ್ವದಿಂದ. ಬಹುಕಾಲ ನಿಂತ ಅಥವಾ ಬಿಚ್ಚಿ ಕೂಡಿಸಿದ ಡೈನಮೋದಲ್ಲಿ ಈ ಉಳಿಕೆ ಅಳಿಸಿಹೋದರೆ ಎಲ್ಲ ಭಾಗಗಳೂ ಸರಿಯಿದ್ದೂ ಚಾರ್ಜ್ ಆಗುವುದಿಲ್ಲ. ಕ್ಷೇತ್ರ ಸುರುಳಿಗೆ ಬ್ಯಾಟರಿಯ ತಂತಿಯನ್ನು ಒಂದು ಕ್ಷಣ ತಾಗಿಸಿದರೆ ಅದು ಮತ್ತೆ ಜೀವ ಪಡೆಯುತ್ತದೆ. ಹಳೆಯ ಆಟೋ ಎಲೆಕ್ಟ್ರಿಷಿಯನ್ನರು ಮಾಡುತ್ತಿದ್ದ ಈ ಕೆಲಸ ಮಂತ್ರದಂತೆ ಕಂಡರೂ ಅದರ ಹಿಂದಿರುವುದು ಶುದ್ಧ ಭೌತವಿಜ್ಞಾನ.

ಇನ್ನೊಂದು ತೊಂದರೆಯೂ ಇತ್ತು. ಎಂಜಿನ್ ನಿಂತಾಗ ಡೈನಮೋದ ವೋಲ್ಟೇಜು ಬ್ಯಾಟರಿಗಿಂತ ಕಡಿಮೆ. ಆಗ ವಿದ್ಯುತ್ತು ಹಿಂದಕ್ಕೆ ಹರಿದು ಬ್ಯಾಟರಿ ಖಾಲಿಯಾಗುತ್ತದೆ. ಇದನ್ನು ತಡೆಯಲು ಬಂದದ್ದು ಕಟ್‌ಔಟ್ ಎಂಬ ಕಾಂತೀಯ ಸ್ವಿಚ್ಚು. ಕೆಂಪು ಸೂಚಕ ದೀಪವನ್ನು ಡೈನಮೋ ಮತ್ತು ಬ್ಯಾಟರಿಯ ನಡುವೆ ಜೋಡಿಸುತ್ತಿದ್ದರು. ಎರಡರ ವೋಲ್ಟೇಜು ಸಮವಾದಾಗ ದೀಪ ಆರುತ್ತದೆ. ಆದ್ದರಿಂದ ದೀಪ ಆರಿದ ಮಾತ್ರಕ್ಕೆ ಬ್ಯಾಟರಿ ಪೂರ್ತಿ ತುಂಬುತ್ತಿದೆ ಎಂದು ತಿಳಿಯಬಾರದು.

ಕರ್ನಾಟಕದವರಿಗೆ ಈ ವ್ಯವಸ್ಥೆಯನ್ನು ಚೆನ್ನಾಗಿ ಪರಿಚಯಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಅಲ್ಲಿಂದ ಹೊರಬರತೊಡಗಿದ ಜಾವಾ ಬೈಕುಗಳಲ್ಲಿದ್ದದ್ದು 6 ವೋಲ್ಟ್ ಡೈನಮೋ. 1970ರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಷ್ಟರೊಳಗೆ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳು ಬ್ರಷ್ ಸವೆತ, ಕಟ್‌ಔಟ್ ಅಂಟಿಕೊಳ್ಳುವುದು, ಕಮ್ಯುಟೇಟರ್ ಕಪ್ಪಾಗುವುದು ಇವನ್ನೆಲ್ಲ ಕಣ್ಣು ಕಿವಿಗಳಿಂದಲೇ ಗುರುತಿಸಲು ಕಲಿತಿದ್ದರು.

ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಅಲ್ಲಿಗೆ ಹೋದಾಗ ಕಾರುಗಳ ಹೊಳೆಯುವ ಮೈಯನ್ನಷ್ಟೇ ನೋಡಿ ಬರಬೇಡಿ. ಚಾಲಕನ ಮುಂದಿನ ಫಲಕದಲ್ಲಿ ಆಂಪಿಯರ್ ಮೀಟರ್ ಇದೆಯೇ ಎಂದು ಹುಡುಕಿ. ನಡುವಿನಲ್ಲಿ ಸೊನ್ನೆ, ಒಂದು ಪಕ್ಕ ಧನ, ಇನ್ನೊಂದು ಪಕ್ಕ ಋಣ. ಬ್ಯಾಟರಿಗೆ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಎಂಬ ಲೆಕ್ಕ ಚಾಲಕನ ಕಣ್ಣೆದುರೇ ಇರುತ್ತಿತ್ತು. ಇಂದಿನ ವಾಹನಗಳಲ್ಲಿ ಆ ಮೀಟರ್ ಅಪರೂಪ. ಅದು ಹೋದ ಮೇಲೆ ಲೆಕ್ಕ ನೋಡುವ ಅಭ್ಯಾಸವೂ ಹೋಯಿತು.

ಡಯೋಡ್ ಬಂದ ಮೇಲೆ

1950ರ ದಶಕದ ಕೊನೆಗೆ ಸಿಲಿಕಾನ್ ಡಯೋಡ್ ಅಗ್ಗವಾಯಿತು. ಅದು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತದೆ. ಕಮ್ಯುಟೇಟರ್ ಮಾಡುತ್ತಿದ್ದ ಕೆಲಸವನ್ನೂ ಕಟ್‌ಔಟ್ ಮಾಡುತ್ತಿದ್ದ ಕೆಲಸವನ್ನೂ ಅದೊಂದೇ ಮಾಡಬಲ್ಲದು. ಆದ್ದರಿಂದ ಎಸಿ ವಿದ್ಯುತ್ತನ್ನು ಕೊಡುವ ಆಲ್ಟರ್ನೇಟರ್ ವಾಹನಗಳಿಗೆ ಬಂತು. ಕ್ರೈಸ್ಲರ್ ಕಂಪನಿಯ 1960ರ ವೇಲಿಯಂಟ್ ಕಾರಿನಲ್ಲಿ ಅದು ಇತ್ತು. ಮೋಟಾರು ಸೈಕಲ್ಲುಗಳಿಗೂ ಅದೇ ದಶಕದಲ್ಲಿ ಹರಡಿತು.

ಇಲ್ಲಿ ಕಾರಿಗೂ ಬೈಕಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮ ವಿಷಯದ ತಿರುಳು ಇದೇ. ಕಾರಿನ ಆಲ್ಟರ್ನೇಟರಿನಲ್ಲಿ ತಿರುಗುವುದು ವಿದ್ಯುತ್ಕಾಂತ. ವೋಲ್ಟೇಜು ಹೆಚ್ಚಾದರೆ ಆ ಕಾಂತಕ್ಕೆ ಹೋಗುವ ಪ್ರವಾಹವನ್ನು ತಗ್ಗಿಸಿದರಾಯಿತು. ಆದರೆ ಹೆಚ್ಚಿನ ಬೈಕುಗಳಲ್ಲಿ ತಿರುಗುವುದು ಶಾಶ್ವತ ಕಾಂತ. ಅದರ ಬಲವನ್ನು ತಗ್ಗಿಸುವಂತಿಲ್ಲ. ಎಂಜಿನ್ ನಿಮಿಷಕ್ಕೆ 1,500 ಸುತ್ತಿನಿಂದ 10,500 ಸುತ್ತಿಗೆ ಏರಿದರೆ ಪ್ರೇರಿತ ವೋಲ್ಟೇಜೂ ಏಳು ಪಟ್ಟಾಗುತ್ತದೆ. ಹೆಚ್ಚುವರಿ ಶಕ್ತಿಯನ್ನು ಏನು ಮಾಡುವುದು?

1960ರ ದಶಕದ ಬ್ರಿಟಿಷ್ ಬೈಕುಗಳಲ್ಲಿ ಜೀನರ್ ಡಯೋಡ್ ಒಂದನ್ನು ಅಲ್ಯೂಮಿನಿಯಂ ತುಂಡಿನ ಮೇಲೆ ಕೂರಿಸಿ ಹೆಚ್ಚಿನ ಪ್ರವಾಹವನ್ನು ಅದರ ಮೂಲಕ ಹರಿಸಿ ಶಾಖವಾಗಿ ಗಾಳಿಗೆ ಬಿಡುತ್ತಿದ್ದರು. ನಂತರ ಬಂದ ಷಂಟ್ ರೆಗ್ಯುಲೇಟರ್ ಇದರ ಸುಧಾರಿತ ರೂಪ. ಬ್ಯಾಟರಿಯ ವೋಲ್ಟೇಜು ಸುಮಾರು 14.4 ಮುಟ್ಟಿದೊಡನೆ ಅದು ಸ್ಟೇಟರ್ ಸುರುಳಿಗಳ ತುದಿಗಳನ್ನು ಕ್ಷಣಕಾಲ ಒಂದಕ್ಕೊಂದು ಷಾರ್ಟ್ ಮಾಡುತ್ತದೆ. ಷಾರ್ಟ್ ಮಾಡಿದರೆ ಸುರುಳಿ ಸುಟ್ಟುಹೋಗಬೇಡವೆ ಎಂದು ನೀವು ಕೇಳಬಹುದು. ಇಲ್ಲಿ ನಿಸರ್ಗವೇ ಕಾಪಾಡುತ್ತದೆ. ವೇಗ ಹೆಚ್ಚಾದಂತೆ ವೋಲ್ಟೇಜು ಏರುತ್ತದೆ. ಅದೇ ಪ್ರಮಾಣದಲ್ಲಿ ಎಸಿ ವಿದ್ಯುತ್ತಿಗೆ ಸುರುಳಿ ಒಡ್ಡುವ ಪ್ರೇರಕ ತಡೆಯೂ ಏರುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸಿ ಪ್ರವಾಹ ಒಂದು ಮಿತಿಯಲ್ಲೇ ನಿಲ್ಲುತ್ತದೆ.

ಆದರೂ ಆ ಮಿತಿಯ ಪ್ರವಾಹ ಸುರುಳಿಯಲ್ಲಿ ಸದಾ ಹರಿಯುತ್ತಲೇ ಇರುತ್ತದೆ, ದೀಪ ಹಚ್ಚಿದರೂ ಆರಿಸಿದರೂ. ಹೊರೆ ಕಡಿಮೆ ಮಾಡಿದರೆ ಸ್ಟೇಟರ್ ತಣ್ಣಗಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಷಂಟ್ ವ್ಯವಸ್ಥೆಯಲ್ಲಿ ಹೊರೆ ಕಡಿಮೆಯಾದಷ್ಟೂ ರೆಗ್ಯುಲೇಟರ್ ಹೆಚ್ಚು ಬಿಸಿಯಾಗುತ್ತದೆ. ಈ ತೊಂದರೆಗೆ ಪರಿಹಾರವಾಗಿ ಬಂದದ್ದು ಸೀರೀಸ್ ರೆಗ್ಯುಲೇಟರ್. ಅದು ಷಾರ್ಟ್ ಮಾಡುವ ಬದಲು ಸರ್ಕಿಟ್ಟನ್ನೇ ಬಿಡಿಸುತ್ತದೆ; ಆದ್ದರಿಂದ ಸುರುಳಿ ತಂಪಾಗಿರುತ್ತದೆ.

ಬೈಕಿನಿಂದ ಕಾರಿಗೆ ಬಂದಾಗ

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ವಿದ್ಯಾರ್ಥಿಗಳ ಫಾರ್ಮುಲಾ ಎಸ್‌ಎಇ ಸ್ಪರ್ಧೆ ಆರಂಭವಾಯಿತು. ಎಂಜಿನಿನ ಗಾತ್ರಕ್ಕೆ ಬಹುಕಾಲ 610 ಸಿಸಿ ಮಿತಿಯಿತ್ತು. ಅನಂತರ ಅದು 710 ಆಯಿತು. ಆ ಮಿತಿಗೆ ಒಪ್ಪುವುದು ಮೋಟಾರು ಸೈಕಲ್ ಎಂಜಿನ್‌ಗಳೇ. ಇಂಗ್ಲೆಂಡಿನಲ್ಲಿ 1997ರಲ್ಲಿ ಆರಂಭವಾದ ರ‍್ಯಾಡಿಕಲ್ ಕಂಪನಿ ಬೈಕ್ ಎಂಜಿನಿನ ಟ್ರ್ಯಾಕ್ ಕಾರುಗಳನ್ನು ಮಾರಾಟಕ್ಕೇ ತಂದಿತು. ಭಾರತದಲ್ಲಿ 2011ರಿಂದ ಸುಪ್ರಾ ಎಸ್‌ಎಇ ಇಂಡಿಯಾ ಸ್ಪರ್ಧೆ ಬಂತು. ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಂಸ್ಥೆಗಳ ವಿದ್ಯಾರ್ಥಿ ತಂಡಗಳು ಇಂಥ ಕಾರುಗಳನ್ನು ಕಟ್ಟುತ್ತಿವೆ.

ಈ ಕಾರುಗಳು ಕೂಪರ್ ಕಾಲದವುಗಳಂತಲ್ಲ. ಇಂಧನ ಇಂಜೆಕ್ಷನ್, ವಿದ್ಯುತ್ ಪಂಪು, ರೇಡಿಯೇಟರ್ ಫ್ಯಾನು, ನಿಯಂತ್ರಕ ಕಂಪ್ಯೂಟರು, ಸ್ಟಾರ್ಟರ್ ಎಲ್ಲಕ್ಕೂ ವಿದ್ಯುತ್ತೇ ಬೇಕು. ಒಂದು ಉದಾಹರಣೆಯ ಲೆಕ್ಕ ನೋಡೋಣ. ಫ್ಯಾನಿಗೆ 90 ವ್ಯಾಟ್, ಇಂಧನ ಪಂಪಿಗೆ 50, ಇಂಜೆಕ್ಟರ್, ಕಿಡಿ ಮತ್ತು ಕಂಪ್ಯೂಟರಿಗೆ 45, ಉಳಿದವಕ್ಕೆ 15. ಒಟ್ಟು 200 ವ್ಯಾಟ್. ಬೈಕಿನ ಸ್ಟೇಟರ್ ಸಾಮಾನ್ಯವಾಗಿ ಕೊಡುವುದು 200ರಿಂದ 400 ವ್ಯಾಟ್, ಅದೂ ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ. ಐಡ್ಲಿಂಗ್‌ನಲ್ಲಿ ಅದು ತುಂಬ ಕಡಿಮೆ.

ಈಗ ಚಾರ್ಜಿಂಗ್ ಪೂರ್ತಿ ನಿಂತಿದೆ ಎಂದುಕೊಳ್ಳಿ. 12 ವೋಲ್ಟ್, 8 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು ಹೆಚ್ಚೆಂದರೆ 96 ವ್ಯಾಟ್-ಗಂಟೆ ಶಕ್ತಿ. 200 ವ್ಯಾಟಿನಂತೆ ಕಾಲು ಗಂಟೆ ಓಡಿದರೆ 50 ಖರ್ಚು. ಅಂದರೆ ಅರ್ಧ ಓಟ ಮುಗಿಯುವಷ್ಟರಲ್ಲಿ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ. ಎಂಜಿನ್ ಇನ್ನೂ ಓಡುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಚಾಲಕ ಬದಲಾಗಿ ಸ್ಟಾರ್ಟರ್ ಒತ್ತಿದಾಗ ಅದು ನೂರರ ಸುಮಾರು ಆಂಪಿಯರ್ ಎಳೆಯುತ್ತದೆ. ವೋಲ್ಟೇಜು ಕುಸಿದು ಕಂಪ್ಯೂಟರು ಆರಿಹೋಗುತ್ತದೆ. ದೋಷ ಹುಟ್ಟಿದ್ದು ಮೊದಲ ಸುತ್ತಿನಲ್ಲಿ, ಕಂಡದ್ದು ಅರ್ಧ ದಾರಿಯಲ್ಲಿ.

ಸ್ಥಾನಪಲ್ಲಟದಿಂದ ಹುಟ್ಟುವ ತೊಂದರೆಗಳೂ ಇವೆ. ಬೈಕಿನಲ್ಲಿ ರೆಗ್ಯುಲೇಟರಿಗೆ ಗಾಳಿ ಬಡಿಯುತ್ತದೆ. ಕಾರಿನಲ್ಲಿ ಅದನ್ನು ಎಂಜಿನಿನ ಪಕ್ಕ, ಹೊದಿಕೆಯ ಒಳಗೆ ಬಚ್ಚಿಟ್ಟರೆ ಬೆಂದುಹೋಗುತ್ತದೆ. ಅರ್ತ್ ತಂತಿಯನ್ನು ಬಣ್ಣ ಬಳಿದ ಚೌಕಟ್ಟಿಗೆ ಬಿಗಿದರೆ ಬಣ್ಣವೇ ತಡೆಯಾಗುತ್ತದೆ. ಇನ್ನು ಸುರಕ್ಷತೆಗೆ ಕಡ್ಡಾಯವಾದ ಮುಖ್ಯ ಸ್ವಿಚ್ಚು. ಎಂಜಿನ್ ವೇಗವಾಗಿ ತಿರುಗುತ್ತಿರುವಾಗ ಬ್ಯಾಟರಿಯೊಂದನ್ನೇ ಬಿಡಿಸಿದರೆ ವೋಲ್ಟೇಜು ಒಮ್ಮೆಲೇ ಚಿಮ್ಮಿ ರೆಗ್ಯುಲೇಟರನ್ನೂ ಕಂಪ್ಯೂಟರನ್ನೂ ಹಾಳುಮಾಡಬಲ್ಲದು. ಸ್ವಿಚ್ಚು ಕಿಡಿಯನ್ನೂ ಒಟ್ಟಿಗೇ ನಿಲ್ಲಿಸುವಂತಿರಬೇಕು.

ದೋಷ ಹುಡುಕುವ ಕ್ರಮ

ಒಂದು ಒಳ್ಳೆಯ ಮಲ್ಟಿಮೀಟರ್ ಸಾಕು. ನೇರ ವಿದ್ಯುತ್ತಿನ ಪ್ರವಾಹ ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಬೆರಳಿನ ಉಂಗುರ, ಕೈಗಡಿಯಾರ ತೆಗೆದಿಡಿ. ಚೈನಿನ ಬಳಿ ಕೈ ಹಾಕಬೇಡಿ.

ಮೊದಲನೆಯದು ಬ್ಯಾಟರಿ. ಕೆಲವು ಗಂಟೆ ಸುಮ್ಮನಿದ್ದ ಸೀಸ-ಆಮ್ಲ ಬ್ಯಾಟರಿ ತುಂಬಿದ್ದರೆ 12.6ರಿಂದ 12.8 ವೋಲ್ಟ್ ತೋರಿಸುತ್ತದೆ, 12.0ರ ಸಮೀಪವಿದ್ದರೆ ಬಹುಪಾಲು ಖಾಲಿ. ಮೊದಲು ಹೊರಗಿನ ಚಾರ್ಜರಿನಿಂದ ತುಂಬಿಸಿ. ಸತ್ತ ಬ್ಯಾಟರಿ ಇಟ್ಟುಕೊಂಡು ಮಾಡಿದ ಮುಂದಿನ ಅಳತೆಗಳಿಗೆ ಅರ್ಥವಿಲ್ಲ. ಲಿಥಿಯಂ ಬ್ಯಾಟರಿಯ ಅಂಕಿಗಳು ಬೇರೆ. ತಯಾರಕರ ಪಟ್ಟಿ ನೋಡಿ.

ಎರಡನೆಯದು, ಎಂಜಿನ್ ಓಡುವಾಗಿನ ವೋಲ್ಟೇಜು. ನಿಮಿಷಕ್ಕೆ ಸುಮಾರು 5,000 ಸುತ್ತಿನಲ್ಲಿ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆಯಾದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಫ್ಯಾನು ಹಾಕಿದಾಗ ಮಾತ್ರ ಇಳಿದರೆ ಭಾಗಗಳೆಲ್ಲ ಸರಿಯಿದ್ದು, ಆದಾಯಕ್ಕಿಂತ ಖರ್ಚು ಹೆಚ್ಚಾಗಿರಬಹುದು.

ಮೂರನೆಯದು, ತಂತಿ ಮತ್ತು ಕೂಡುಗಳು. ಅನೇಕರು ಬಿಟ್ಟುಬಿಡುವ ಹಂತ ಇದು. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ರೆಗ್ಯುಲೇಟರಿನ ಧನ ತುದಿಗೆ, ಇನ್ನೊಂದು ಬ್ಯಾಟರಿಯ ಧನ ತುದಿಗೆ. ಆಮೇಲೆ ಋಣ ತುದಿಗಳಿಗೂ ಹೀಗೆಯೇ. ಎರಡರಲ್ಲೂ 0.2 ವೋಲ್ಟಿಗಿಂತ ಕಡಿಮೆ ಬರಬೇಕು. ಒಂದು ಕೂಡಿನಲ್ಲಿ ಕೇವಲ 0.05 ಓಮ್ ತಡೆಯಿದ್ದು 20 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲೇ ನಷ್ಟ. ಆ ಚಿಕ್ಕ ಕೂಡು 20 ವ್ಯಾಟಿನ ಒಲೆಯಾಗಿ ಪ್ಲಾಸ್ಟಿಕ್ಕು ಕಂದಾಗುತ್ತದೆ, ತಡೆ ಇನ್ನೂ ಹೆಚ್ಚುತ್ತದೆ, ಕೊನೆಗೆ ಕರಗುತ್ತದೆ.

ನಾಲ್ಕನೆಯದು ಸ್ಟೇಟರ್. ಎಂಜಿನ್ ನಿಲ್ಲಿಸಿ ಅದರಿಂದ ಬರುವ ಮೂರು ತಂತಿಗಳ ಕೂಡನ್ನು ಬಿಡಿಸಿ. ಯಾವ ತಂತಿಗೂ ಎಂಜಿನಿನ ಮೈಗೂ ಸಂಪರ್ಕ ಇರಕೂಡದು. ಇದ್ದರೆ ಸುರುಳಿಯ ಹೊದಿಕೆ ಸುಟ್ಟಿದೆ. ಎರಡೆರಡು ತಂತಿಗಳ ನಡುವಿನ ತಡೆ 1 ಓಮಿಗಿಂತ ಕಡಿಮೆಯಿದ್ದು ಮೂರು ಜೋಡಿಗಳಲ್ಲೂ ಸಮವಾಗಿರಬೇಕು. ಇಷ್ಟು ಚಿಕ್ಕ ತಡೆಯನ್ನು ಸಾಮಾನ್ಯ ಮೀಟರ್ ನಿಖರವಾಗಿ ಅಳೆಯಲಾರದು. ಆದ್ದರಿಂದ ತೀರ್ಪು ಕೊಡಬೇಕಾದದ್ದು ಮುಂದಿನ ಅಳತೆ. ತಂತಿಗಳನ್ನು ಹಾಗೆಯೇ ಬಿಟ್ಟು ಎಂಜಿನ್ ಓಡಿಸಿ ಎಸಿ ವೋಲ್ಟೇಜು ನೋಡಿ. ಮೂರು ಜೋಡಿಗಳಲ್ಲೂ ಅದು ಸಮವಾಗಿದ್ದು ವೇಗದೊಂದಿಗೆ ಏರಬೇಕು. 5,000 ಸುತ್ತಿನಲ್ಲಿ ಅನೇಕ ಎಂಜಿನ್‌ಗಳಲ್ಲಿ 50 ವೋಲ್ಟನ್ನೂ ಮೀರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಒಂದು ಜೋಡಿ ಹಿಂದುಳಿದರೆ ಸುರುಳಿಯಲ್ಲೇ ದೋಷ. ಮೂರೂ ಸಮವಾಗಿ ಕಡಿಮೆಯಾದರೆ ರೋಟರಿನ ಕಾಂತವನ್ನು ಅನುಮಾನಿಸಿ.

ಐದನೆಯದು ರೆಗ್ಯುಲೇಟರ್. ಮೀಟರಿನ ಡಯೋಡ್ ಸ್ಥಾನದಲ್ಲಿ ಪ್ರತಿ ಸ್ಟೇಟರ್ ತುದಿಯಿಂದ ಧನ ತುದಿಗೂ, ಋಣ ತುದಿಯಿಂದ ಸ್ಟೇಟರ್ ತುದಿಗೂ ಒಂದು ದಿಕ್ಕಿನಲ್ಲಿ ಸುಮಾರು 0.5 ವೋಲ್ಟ್, ಎದುರು ದಿಕ್ಕಿನಲ್ಲಿ ತೆರೆದ ಸರ್ಕಿಟ್ಟು ತೋರಬೇಕು. ಟ್ರಾನ್ಸಿಸ್ಟರುಗಳಿಂದಲೇ ಕೆಲಸ ಮಾಡುವ ಹೊಸ ರೆಗ್ಯುಲೇಟರುಗಳಲ್ಲಿ ಈ ಪರೀಕ್ಷೆ ಪೂರ್ತಿ ನಂಬಲರ್ಹವಲ್ಲ. ಹಿಂದಿನ ನಾಲ್ಕೂ ಹಂತ ಸರಿಯಿದ್ದು ಇನ್ನೂ ಚಾರ್ಜ್ ಆಗದಿದ್ದರೆ ಮಾತ್ರ ರೆಗ್ಯುಲೇಟರ್ ಬದಲಿಸಿ.

ಕೊನೆಯದು ಲೆಕ್ಕ. ಬ್ಯಾಟರಿಯ ತಂತಿಗೆ ಕ್ಲಾಂಪ್ ಮೀಟರ್ ಹಾಕಿ, ಎಲ್ಲ ಹೊರೆಗಳನ್ನೂ ಚಾಲೂ ಮಾಡಿ, ಬೇರೆ ಬೇರೆ ವೇಗಗಳಲ್ಲಿ ಪ್ರವಾಹ ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಬರೆದುಕೊಳ್ಳಿ. ಧರ್ಮಸ್ಥಳದ ಹಳೆಯ ಕಾರುಗಳ ಕಾಲದ ಆಂಪಿಯರ್ ಮೀಟರ್ ಹೇಳುತ್ತಿದ್ದುದು ಇದನ್ನೇ.

ಮಳೆನಾಡಿನ ಮಾತು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಓದುಗರಿಗೆ ಇನ್ನೊಂದು ಮಾತು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ನೇತ್ರಾವತಿಯ ದಡದ ಬಂಟ್ವಾಳದಲ್ಲಾಗಲಿ ಚಾರ್ಮಾಡಿಯ ಬುಡದಲ್ಲಾಗಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ತಾಮ್ರದ ಕೂಡು ಹಸಿರಾಗದೆ ಉಳಿಯುವುದು ಕಷ್ಟ. ಬೇಸಗೆಯಲ್ಲಿ ಸರಿಯಿದ್ದು ಮಳೆಗಾಲದಲ್ಲಿ ಕೈಕೊಟ್ಟ ಚಾರ್ಜಿಂಗ್ ಕಂಡರೆ ಮೂರನೆಯ ಹಂತಕ್ಕೇ ಹೆಚ್ಚು ಗಮನ ಕೊಡಿ. ಕೂಡುಗಳನ್ನು ಉಜ್ಜಿ ಗ್ರೀಸ್ ಸವರಿ, ನೀರು ಹೋಗದ ಕನೆಕ್ಟರ್ ಹಾಕುವುದು ಹೊಸ ಬಿಡಿಭಾಗಕ್ಕಿಂತ ಅಗ್ಗ.

ಸುಟ್ಟ ಸುರುಳಿಯನ್ನು ಎಸೆಯುವ ಮೊದಲು ಕಾಯಿಲ್ ಕಟ್ಟುವವರ ಅಂಗಡಿಗೆ ಒಯ್ದು ನೋಡಿ. ಎಷ್ಟು ಸುತ್ತು, ಯಾವ ದಪ್ಪದ ತಂತಿ, ಯಾವ ದಿಕ್ಕು ಎಂಬುದನ್ನು ಬಿಚ್ಚುವಾಗಲೇ ಎಣಿಸಿ ಬರೆದುಕೊಳ್ಳುವ ಆ ಕುಶಲಿಗಳು ಫ್ಯಾರಡೆಯ ನಿಯಮವನ್ನು ಕೈಯಲ್ಲಿ ಬಲ್ಲವರು. ಪಂಪ್‌ಸೆಟ್ಟುಗಳ ಮೋಟಾರಿನಿಂದ ಬೈಕಿನ ಸ್ಟೇಟರಿನವರೆಗೆ ಎಲ್ಲವೂ ಅವರಿಗೆ ಸುರುಳಿಯೇ. ಬಿಡಿಭಾಗ ಬದಲಿಸುವ ಕಾಲದಲ್ಲಿ ಇಂಥ ಅಂಗಡಿಗಳು ಕಡಿಮೆಯಾಗುತ್ತಿವೆ. ಕಾಲೇಜಿನ ಹುಡುಗ ಹುಡುಗಿಯರು ಒಂದು ಮಧ್ಯಾಹ್ನ ಅಲ್ಲಿ ಕುಳಿತು ಬಂದರೆ ಪುಸ್ತಕದ ಸಮೀಕರಣಕ್ಕೆ ಅರ್ಥ ಬರುತ್ತದೆ. ಅಂಗಡಿಯವರ ಅನುಭವಕ್ಕೂ ಅಳತೆಯ ಅಂಕಿಗಳ ಬೆಂಬಲ ಸಿಗುತ್ತದೆ.

ನಿಮ್ಮ ಬೈಕಿನ ಅಥವಾ ಕಾರಿನ ಬ್ಯಾಟರಿಯ ವೋಲ್ಟೇಜನ್ನು ಅದು ಚೆನ್ನಾಗಿರುವಾಗಲೇ ಒಮ್ಮೆ ಅಳೆದು, ಎಂಜಿನ್ ನಿಂತಾಗ ಎಷ್ಟು, ಓಡುವಾಗ ಎಷ್ಟು ಎಂದು ದಿನಾಂಕದೊಡನೆ ಬರೆದಿಡಿ. ಮುಂದೊಂದು ದಿನ ಅದು ಮುನಿಸಿಕೊಂಡಾಗ ಹೋಲಿಸಿ ನೋಡಲು ಆ ಎರಡು ಅಂಕಿಗಳು ನೆರವಾಗುತ್ತವೆ.